ನಿಧಾನಮ್ಮ ಮತ್ತು ಮೂವತ್ತು ವರ್ಷದ ಪ್ರೋಗ್ರಾಮು

ಸಿಟಿ ಬಸ್ಸುಗಳ ಮುಖ್ಯ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ನಿಧಾನಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಬರಬರುತ್ತ ಎದುರಿಗೇ. ಆಕೆಗೇನೂ ಬೇಜಾರಿರಲಿಲ್ಲ. "ಒಂದು ಕಾಲದಲ್ಲಿ ನಾನೂ ಅವಸರಮ್ಮ ಆಗಿದ್ದೆ. ಅದಕ್ಕಿಂತ ಇದೇ ವಾಸಿ" ಎಂದು ನಗುತ್ತಿದ್ದಳು.

ಮಾತು ನಿಜವೇ. ಇಪ್ಪತ್ತೆರಡಕ್ಕೆ ಟೈಪಿಸ್ಟಾಗಿ ಸೇರಿದವಳು ಮೂರೇ ವರ್ಷದಲ್ಲಿ ಮೇನ್‌ಫ್ರೇಮ್ ವಿಭಾಗಕ್ಕೆ ಬಂದಿದ್ದಳು. ಮೇನ್‌ಫ್ರೇಮ್ ಅಂದರೆ ನೆಲಮಹಡಿಯ ತಣ್ಣನೆ ಕೋಣೆಯಲ್ಲಿ ಸದಾ ಗುಂಯ್‌ಗುಡುತ್ತ ನಿಂತಿರುವ, ಎರಡು ಬೀರುವಿನಷ್ಟು ಗಾತ್ರದ ಕಂಪ್ಯೂಟರು. ಎರಡು ಸಾವಿರ ಬಸ್ಸುಗಳಲ್ಲಿ ಯಾವುದನ್ನು ಯಾರು ಓಡಿಸಬೇಕು, ಯಾವುದು ಯಾವತ್ತು ವರ್ಕ್‌ಶಾಪಿಗೆ ಹೋಗಬೇಕು, ಎಲ್ಲವೂ ಅದರ ಹೊಟ್ಟೆಯೊಳಗೆ. ಅಲ್ಲಿಗೆ ಬಂದ ಮೊದಲ ವರ್ಷ, ಕೈ ಚುರುಕು ಎಂದು ಎಲ್ಲರೂ ಹೊಗಳುತ್ತಿದ್ದ ದಿನಗಳಲ್ಲಿ, ಯಾರಿಗೂ ಬೇಡದ್ದೆಂದು ಒಂದು ಪುಟ್ಟ ಪ್ರೋಗ್ರಾಮನ್ನು ಅಳಿಸಿಬಿಟ್ಟಳು. ಮಾರನೇ ಬೆಳಿಗ್ಗೆ ಆರು ಡಿಪೋಗಳಿಗೆ ಡ್ಯೂಟಿ ಪಟ್ಟಿಯೇ ಹೋಗಲಿಲ್ಲ. ಚಾಲಕರು ಅಂಗಳದಲ್ಲಿ ನಿಂತರು, ಬಸ್ಸುಗಳು ಗೇಟಿನೊಳಗೆ ನಿಂತವು, ಊರೆಲ್ಲ ಬಸ್‌ಸ್ಟಾಪಿನಲ್ಲಿ ನಿಂತಿತು. ಹಿರಿಯ ಅಧಿಕಾರಿ ಟೇಪಿನಿಂದ ಹಳೆಯ ಪ್ರತಿಯನ್ನು ಮರಳಿ ಹಾಕಿ ಹತ್ತು ಗಂಟೆಗೆ ಎಲ್ಲ ಸರಿಮಾಡಿದರು. ಬೈಯಲಿಲ್ಲ. "ತೆಗೆದದ್ದು ತಪ್ಪಲ್ಲಮ್ಮ. ಯಾರಿಗೆ ಬೇಕು ಅಂತ ಕೇಳದೆ ತೆಗೆದೆ ನೋಡು, ಅದು" ಎಂದಷ್ಟೇ ಹೇಳಿದರು. ಬೈದಿದ್ದರೆ ವಾರದಲ್ಲಿ ಮರೆಯುತ್ತಿದ್ದಳೋ ಏನೋ.

ಆಕೆಗೆ ಐವತ್ಮೂರು ತುಂಬಿದ ವರ್ಷ ಅಂಥದ್ದೇ ಇನ್ನೊಂದು ಕೆಲಸ ಮೇಜಿನ ಮೇಲೆ ಬಂದು ಕೂತಿತು. ವಿಭಾಗಕ್ಕೆ ಹೊಸ ಸಾಹೇಬರು ಬಂದಿದ್ದರು, ಆಕೆಗಿಂತ ಹದಿನೆಂಟು ವರ್ಷ ಚಿಕ್ಕವರು. ಎರಡು ತಿಂಗಳಲ್ಲಿ ಯಂತ್ರದ ಮೂಲ ಸಾಫ್ಟ್‌ವೇರನ್ನೇ ಹೊಸದಕ್ಕೆ ಬದಲಾಯಿಸುವುದಿತ್ತು. ಮೂವತ್ತು ವರ್ಷದ ಹಿಂದಿನ ಒಂದು ಪ್ರಿಂಟಿಂಗ್ ಪ್ರೋಗ್ರಾಮು ಹೊಸದರ ಜೊತೆ ಹೊಂದುವುದಿಲ್ಲವೆಂದು ಗೊತ್ತಾಯಿತು. ಡಿಪೋಗಳಲ್ಲಿದ್ದ ಅಗಲ ಕಾಗದದ ಪ್ರಿಂಟರುಗಳಿಗೆ ಪಟ್ಟಿ ಕಳಿಸುವುದು ಅದರ ಕೆಲಸ. ಆ ಪ್ರಿಂಟರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಪ್ರೋಗ್ರಾಮು ಮಾಡಿದ ಕಂಪನಿಯೂ ಬಾಗಿಲು ಹಾಕಿತ್ತು.

"ಮೇಡಂ, ಒಂದು ಡಿಲೀಟ್ ಹೊಡೆದ್ರೆ ಆಯ್ತಲ್ಲ?" ಎಂದರು ಸಾಹೇಬರು.

"ಹೊಡೀಬಹುದು ಸರ್. ಆಮೇಲೆ ಎಲ್ಲಾ ಕಡೆಯಿಂದ ಫೋನ್ ಹೊಡೀತಾರಲ್ಲ, ಅದನ್ನ ಯಾರು ಎತ್ತೋದು?"

"ಎಷ್ಟು ದಿನ ಬೇಕು ಹಾಗಾದ್ರೆ?"

"ಆರು ವಾರ."

"ಆರು ವಾರಾನಾ! ಅದನ್ನ ಬರೆದವರಿಗೂ ಅಷ್ಟು ದಿನ ಹಿಡಿದಿರಲಿಕ್ಕಿಲ್ಲ."

ನಿಧಾನಮ್ಮ ಒಂದು ಹಾಳೆ ತೆಗೆದು ಬರೆಯಲು ಕೂತಳು. ಆ ಪ್ರೋಗ್ರಾಮು ಒಂದೇ ಕಡೆ ಇರಲಿಲ್ಲ. ಅದರ ಕಡತಗಳು ಒಂದು ಕಡೆ, ಯಂತ್ರ ಏಳುವಾಗ ಅದನ್ನೂ ಎಬ್ಬಿಸುವ ಸಾಲು ಇನ್ನೊಂದು ಕಡೆ, ಅದಕ್ಕೆ ಕೊಟ್ಟ ಅನುಮತಿ ಮತ್ತೊಂದು ಕಡೆ, ಅದನ್ನು ಕರೆಯುವ ಬೇರೆ ಕೆಲಸಗಳು ಎಲ್ಲೆಲ್ಲೋ. ಹುಡುಕುತ್ತ ಹೋದಂತೆ ಹಾಳೆಯಲ್ಲಿ ಹತ್ತೊಂಬತ್ತು ಜಾಗಗಳಾದವು. ಆಮೇಲೆ, ಆ ಪ್ರೋಗ್ರಾಮನ್ನು ಯಾರು ಯಾವಾಗ ಕರೆದರೂ ದಾಖಲಾಗುವಂತೆ ಮಾಡಿಟ್ಟು ಕಾಯತೊಡಗಿದಳು.

ಮನೆಯಲ್ಲೂ ಅದೇ ಮಾತು. ಎಪ್ಪತ್ತೆಂಟರ ಅತ್ತೆಗೆ ಸೊಸೆಯ ಕಚೇರಿಯ ಸುದ್ದಿ ಕೇಳದಿದ್ದರೆ ಊಟ ಸೇರುತ್ತಿರಲಿಲ್ಲ.

"ಬೇಡದ್ದೊಂದನ್ನ ಬಿಸಾಕೋಕೆ ಒಂದೂವರೆ ತಿಂಗಳಾ? ನಿಮ್ಮ ಮಾವನ ಕಾಗದದ ಕಟ್ಟನ್ನೆಲ್ಲಾ ನಾನು ಅರ್ಧ ಗಂಟೇಲಿ ಬಿಸಾಕಿದೆ."

"ಅದರ ಜೊತೆ ನನ್ನ ಡಿಗ್ರಿ ಸರ್ಟಿಫಿಕೇಟೂ ಹೋಯ್ತಲ್ಲಮ್ಮ" ಎಂದ ಅವರ ಮಗ, ನಿಧಾನಮ್ಮನ ಗಂಡ. ಆತ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು.

"ಅದಕ್ಕೇನಂತೆ? ಅಷ್ಟೊತ್ತಿಗೆ ನಿಂಗೆ ಕೆಲಸ ಸಿಕ್ಕಿತ್ತಲ್ಲ."

ಮೂರು ವಾರ ಕಳೆದರೂ ಪ್ರೋಗ್ರಾಮಿನ ಹತ್ತಿರ ಯಾರೂ ಸುಳಿಯಲಿಲ್ಲ. ಸಾಹೇಬರು ದಿನಾ ಬೆಳಿಗ್ಗೆ ಬಾಗಿಲಲ್ಲಿ ತಲೆ ತೂರಿಸಿ "ಬಂದ್ರಾ ಯಾರಾದ್ರೂ?" ಎನ್ನುವರು. "ಇಲ್ಲ ಸರ್." ಇಪ್ಪತ್ತನಾಲ್ಕನೇ ದಿನ ಅವರು ಒಳಗೇ ಬಂದರು.

"ಸಾಕಲ್ವಾ ಮೇಡಂ? ಒಂದು ನೊಣಾನೂ ಕೂತಿಲ್ಲ ಅದರ ಮೇಲೆ."

"ಇನ್ನೊಂದು ವಾರ ತಡ್ಕೊಳಿ ಸರ್. ನಮ್ಮಲ್ಲಿ ತಿಂಗಳಿಗೊಂದೇ ಸಲ ಆಗೋ ಕೆಲಸಗಳಿವೆ."

ಇಪ್ಪತ್ತೇಳನೇ ದಿನ, ತಿಂಗಳ ಎರಡನೇ ತಾರೀಖು, ಬೆಳಿಗ್ಗೆ ಹತ್ತೂ ಹತ್ತಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಯಾರೋ ಆ ಪ್ರೋಗ್ರಾಮನ್ನು ಕರೆದಿದ್ದರು! ಯಾವ ಪಟ್ಟಿಯಲ್ಲೂ ಇಲ್ಲದ ಪ್ರಿಂಟರಿಗೆ ಆರು ಪುಟ ಹೋಗಿತ್ತು. ಆಕೆ ಅರ್ಧ ದಿನ ಹಳೆಯ ರಿಜಿಸ್ಟರುಗಳ ಧೂಳು ಕುಡಿದು, ಕೊನೆಗೆ ಕೇಬಲ್ ಎಳೆದವರ ಪುಸ್ತಕದಲ್ಲಿ ಆ ಪ್ರಿಂಟರಿನ ನಂಬರು ಕಂಡಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಕೇಂದ್ರ ವರ್ಕ್‌ಶಾಪ್, ಹಿಂದಿನ ಶೆಡ್.

ಮಧ್ಯಾಹ್ನ ಬಸ್ಸು ಹತ್ತಿ ಅಲ್ಲಿಗೇ ಹೋದಳು. ಹಿಂದಿನ ಶೆಡ್ಡು ಟೈರ್ ವಿಭಾಗ. ಆಳೆತ್ತರ ಪೇರಿಸಿದ ಟೈರುಗಳ ನಡುವೆ ನರೆತ ಮೀಸೆಯ ಮೇಸ್ತ್ರಿ ಸ್ಟೂಲಿನ ಮೇಲೆ ಕೂತಿದ್ದರು. ಮೂಲೆಯ ಮರದ ಪೆಟ್ಟಿಗೆಯೊಳಗೆ, ಒಡೆದ ಮುಚ್ಚಳಕ್ಕೆ ಟ್ಯೂಬಿನ ರಬ್ಬರು ಸುತ್ತಿಸಿಕೊಂಡು, ಆ ಪ್ರಿಂಟರು ಇನ್ನೂ ಬದುಕಿತ್ತು.

"ಇದಾ? ಇದು ನನ್ನ ಪಟ್ಟಿ" ಎಂದು ಮೇಸ್ತ್ರಿ ಮೊಳೆಗೆ ನೇತುಹಾಕಿದ್ದ ಕಾಗದ ತೋರಿಸಿದರು. "ಟೈರ್ ಹಾಕಿದ ಮೇಲೆ ಯಾವ ಬಸ್ಸು ಎಷ್ಟು ಕಿಲೋಮೀಟರ್ ಓಡಿದೆ ಅಂತ ಇರುತ್ತೆ. ಮಿತಿ ದಾಟಿದ್ದಕ್ಕೆ ಪಕ್ಕದಲ್ಲಿ ನಕ್ಷತ್ರ. ನಕ್ಷತ್ರ ಬಿದ್ದಿದ್ದನ್ನ ಕರೆಸಿ ಟೈರ್ ಬದಲಾಯಿಸ್ತೀನಿ."

"ಒಂದು ತಿಂಗಳು ಇದು ಬರಲೇ ಇಲ್ಲ ಅಂದ್ಕೊಳಿ. ಏನ್ಮಾಡ್ತೀರಿ?"

"ಬರಲ್ಲ ಅನ್ನೋ ಮಾತೇ ಇಲ್ಲಮ್ಮ, ಇಪ್ಪತ್ತಾರು ವರ್ಷದಿಂದ ಬರ್ತಾ ಇದೆ" ಎಂದ ಮೇಸ್ತ್ರಿ, ಆಕೆಯ ಮುಖ ನೋಡಿ ಮೀಸೆ ಸವರಿಕೊಂಡರು. "ಬರದಿದ್ರೆ... ಮೇಲಿನೋರು ಬೇರೆ ಏನೋ ಏರ್ಪಾಡು ಮಾಡಿದ್ದಾರೆ ಅಂದ್ಕೊಂಡು ಸುಮ್ನಿರ್ತಿದ್ದೆ."

ಆಕೆ ನಕ್ಷತ್ರಗಳನ್ನು ಎಣಿಸಿದಳು. ನಲವತ್ತೊಂದು. ಟೈರು ಸವೆದ ನಲವತ್ತೊಂದು ಬಸ್ಸುಗಳು ಜನ ತುಂಬಿಕೊಂಡು ಒದ್ದೆ ರಸ್ತೆಯಲ್ಲಿ ಓಡುವುದನ್ನು ನೆನೆದು ಇನ್ನೊಮ್ಮೆ ಎಣಿಸಿದಳು. ಮೇಸ್ತ್ರಿ ತರಿಸಿಕೊಟ್ಟ ಕಾಫಿ ಕುಡಿದು ಕಚೇರಿಗೆ ಮರಳಿದಳು.

ಸಂಜೆ ಸುದ್ದಿ ಕೇಳಿದ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಮೂರು ದಿನದ ಹಿಂದೆ ನನ್ನ ಮಾತು ಕೇಳಿದ್ದಿದ್ರೆ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು.

ಮೇಸ್ತ್ರಿಯ ಪಟ್ಟಿಯನ್ನು ಸಾಮಾನ್ಯ ಪ್ರಿಂಟರಿನಲ್ಲೇ ಬರುವಂತೆ ಆಕೆ ಹೊಸದಾಗಿ ಬರೆದಳು. ಮೇಸ್ತ್ರಿಯದು ಒಂದೇ ಬೇಡಿಕೆ: "ಅಕ್ಷರ ದಪ್ಪಗಿರ್ಲಿ ಅಮ್ಮ. ಕೆಲಸದ ನಡುವೆ ಕನ್ನಡಕ ಹಾಕ್ಕೊಂಡ್ರೆ ಮೂಗಿಗೆಲ್ಲಾ ಗ್ರೀಸಾಗುತ್ತೆ." ಹೊಸ ಪಟ್ಟಿ ಹಿಡಿದು ಮತ್ತೆ ಶೆಡ್ಡಿಗೆ ಹೋದಳು. ಇಬ್ಬರೂ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹರಡಿಕೊಂಡು ಸಾಲು ಸಾಲಾಗಿ ಓದಿದರು. ಹೊಸದರಲ್ಲಿ ನಕ್ಷತ್ರ ನಲವತ್ತೇ ಇದ್ದವು.

"ಒಂದು ಬಸ್ಸು ತಪ್ಪಿಸ್ಕೊಂಡಿದೆ" ಎಂದು ಮೇಸ್ತ್ರಿ ಕಳ್ಳನನ್ನು ಹಿಡಿದವರಂತೆ ಖುಷಿಪಟ್ಟರು. ಹೊಸ ಪಟ್ಟಿ ಒಂದು ಪುಟದ ಕೊನೆಯ ಸಾಲನ್ನು ನುಂಗಿತ್ತು. ಆಕೆ ಅದನ್ನು ಸರಿಪಡಿಸಿ ಮತ್ತೊಮ್ಮೆ ಎಣಿಸಿದಳು, ಮೇಸ್ತ್ರಿ ಇನ್ನೊಮ್ಮೆ ಎಣಿಸಿದರು.

ಹಳೆಯ ಪ್ರೋಗ್ರಾಮನ್ನು ಆಗಲೂ ಅಳಿಸಲಿಲ್ಲ. ಮೊದಲು ಎಲ್ಲದರ ಪ್ರತಿ ತೆಗೆದಳು. ಆ ಪ್ರತಿಯನ್ನು ಪರೀಕ್ಷೆಗೆಂದೇ ಇದ್ದ ಸಣ್ಣ ಯಂತ್ರದಲ್ಲಿ ಹಾಕಿ ಓಡಿಸಿ ನೋಡಿದಳು.

"ಪ್ರತಿ ಇದೆಯಲ್ಲ ಮೇಡಂ, ಮತ್ತೆ ಓಡಿಸಿ ಯಾಕೆ ನೋಡೋದು?"

"ಬೀಗದ ಕೈ ಜೇಬಲ್ಲಿದ್ರೆ ಸಾಲ್ದು ಸರ್, ಬೀಗದಲ್ಲಿ ತಿರುಗುತ್ತಾ ನೋಡ್ಬೇಕು."

ಆಮೇಲೆ ಪ್ರೋಗ್ರಾಮನ್ನು ಬರೀ ನಿಲ್ಲಿಸಿ ಒಂದು ವಾರ ಬಿಟ್ಟಳು. ಯಾರಾದರೂ ಕೂಗಿಕೊಂಡರೆ ಒಂದೇ ನಿಮಿಷದಲ್ಲಿ ಮತ್ತೆ ಎಬ್ಬಿಸಬಹುದಿತ್ತು. ಯಾರೂ ಕೂಗಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುವ ಕೆಲಸ ಶುರುವಾಯಿತು. ಆ ದಿನದ ಡ್ಯೂಟಿ ಪಟ್ಟಿಗಳು ಹಿಂದಿನ ದಿನವೇ ಡಿಪೋ ಸೇರಿದ್ದರಿಂದ ಎರಡು ಗಂಟೆ ಯಂತ್ರ ನಿಂತರೂ ಬಸ್ಸು ನಿಲ್ಲುತ್ತಿರಲಿಲ್ಲ. ಸಾಹೇಬರು ರಜೆ ಬಿಟ್ಟು, ಸ್ವೆಟರ್ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಆಕೆ ಹಾಳೆ ನೋಡಿ ಒಂದೊಂದನ್ನೇ ತೆಗೆಯುತ್ತ ಹೋದಂತೆ ಅವರು ಟಿಕ್ ಹಾಕಿದರು. ಹತ್ತೊಂಬತ್ತೂ ಮುಗಿದವು. ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು.

ಅದು ಅರ್ಧ ಎದ್ದು ನಿಂತುಬಿಟ್ಟಿತು. ಬೇಕಾದ ಕಡತವೊಂದು ಸಿಗುತ್ತಿಲ್ಲವೆಂದು ಪರದೆಯಲ್ಲಿ ಕೆಂಪು ಸಾಲು.

"ಮೇಡಂ?" ಆ ತಣ್ಣನೆ ಕೋಣೆಯಲ್ಲೂ ಸಾಹೇಬರ ಹಣೆ ಬೆವರಿತ್ತು.

"ಇಪ್ಪತ್ತನೇದೊಂದು ಇತ್ತು ಅನ್ಸುತ್ತೆ ಸರ್. ಹಾಳೆ ತಿರುಗಿಸಿ, ಹಿಂದುಗಡೆ ಓದಿ."

ಹಿಂಬದಿಯಲ್ಲಿ ಆಕೆ, ಯಂತ್ರ ಏಳದಿದ್ದರೆ ಏನು ಮಾಡಬೇಕೆಂದು ಬರೆದಿದ್ದಳು. ಯಂತ್ರ ಏಳುವಾಗ ಓದುವ ಹಳೆಯ ಪಟ್ಟಿಯನ್ನೂ ಈಗ ತೆಗೆದ ಕಡತಗಳನ್ನೂ ಹಾಗೇ ಬೇರೆ ಡಿಸ್ಕಿನಲ್ಲಿ ಉಳಿಸಿಟ್ಟಿದ್ದಳು. ಸಾಹೇಬರು ಗಟ್ಟಿಯಾಗಿ ಓದಿದರು, ಆಕೆ ಒತ್ತುತ್ತ ಹೋದಳು. ಆ ಡಿಸ್ಕಿನಿಂದ ಯಂತ್ರ ಎದ್ದಿತು. ಎಷ್ಟೋ ವರ್ಷದ ಹಿಂದೆ ಯಾರೋ ಬೇರೊಂದು ಪ್ರೋಗ್ರಾಮಿನ ಆರಂಭದಲ್ಲಿ ಈ ಹಳೆಯ ಕಡತದ ಹೆಸರನ್ನು ಸುಮ್ಮನೆ ಸೇರಿಸಿದ್ದರು. ಆ ಒಂದು ಸಾಲನ್ನು ತೆಗೆದು ಮತ್ತೆ ಶುರುಮಾಡಿದಳು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಎಲ್ಲ ಡಿಪೋಗಳ ಹೆಸರೂ ಪರದೆಯ ಮೇಲೆ ಹಸಿರಾದವು.

"ನಿಮಗೆ ಭಯಾನೇ ಆಗಲಿಲ್ವಾ?" ಎಂದರು ಸಾಹೇಬರು.

"ಆಗದೇ ಏನು? ಅಂಥ ಹೊತ್ತಲ್ಲಿ ನಂಗೆ ತಲೆ ಓಡಲ್ಲ, ಅದಕ್ಕೇ ಮೊದಲೇ ಬರೆದಿಟ್ಕೊಳ್ಳೋದು."

ಮನೆಗೆ ಬಂದಾಗ ತಟ್ಟೆ ಹಾಕಿಯಾಗಿತ್ತು. ಗಂಡ ನೀರಿನ ಲೋಟ ಮುಂದಿಟ್ಟ.

"ಹೋಯ್ತಾ ಅದು?" ಎಂದರು ಅತ್ತೆ.

"ಹೋಯ್ತು ಅತ್ತೆ."

"ಯಾರಿಗಾದ್ರೂ ಗೊತ್ತಾಯ್ತಾ?"

"ಯಾರಿಗೂ ಇಲ್ಲ."

"ಹಂಗಾದ್ರೆ ಚೆನ್ನಾಗೇ ಮಾಡಿದ್ದೀಯ. ಕೈ ತೊಳ್ಕೊಂಡು ಬಾ."

ಮುಂದಿನ ತಿಂಗಳ ಎರಡನೇ ತಾರೀಖು, ಹತ್ತೂವರೆಗೆ ಮೇಸ್ತ್ರಿ ಫೋನ್ ಮಾಡಿದರು. ಪಟ್ಟಿ ಬಂದಿದೆ, ನಕ್ಷತ್ರ ಮೂವತ್ತಾರು, ಅಕ್ಷರ ದಪ್ಪವಾಗಿ ಎರಡು ಪುಟ ಜಾಸ್ತಿ ಆಗಿದೆ, ಪರವಾಗಿಲ್ಲ ಎಂದರು. ಆಕೆ ರಿಸೀವರ್ ಇಡುವಷ್ಟರಲ್ಲಿ ಸಾಹೇಬರು ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಆಕೆಯ ಮೇಜಿನ ಬಳಿ ಬಂದರು. ಕೈಯಲ್ಲಿ ಒಂದು ಕಾಗದವಿತ್ತು.

"ಮೇಡಂ, ಹೀಗೇ ತೆಗೀಬೇಕಾಗಿರೋದು ಇನ್ನೂ ಹನ್ನೊಂದಿವೆ" ಎಂದು ಅದನ್ನು ಬಿಡಿಸಿಟ್ಟರು. "ಎಷ್ಟು ದಿನ ಬೇಕು ಅಂತ ನಾನು ಕೇಳಲ್ಲ. ಮೊದಲು ಯಾವ್ಯಾವ ಕಡೆ ಹೋಗಿ ಯಾರ್ಯಾರನ್ನ ಕೇಳ್ಬೇಕು ಹೇಳಿ, ನಾನೂ ಬರ್ತೀನಿ."