ಎಪ್ಪತ್ತು ಡಾಲರಿನ ಜಂಪ್ ಕ್ಯೂ

ಮರ್ಲ್ ಕುಬಿಚೆಕ್ ವಾರಕ್ಕೊಮ್ಮೆ ಮಾತಾಡುವ ಮನುಷ್ಯ. ಇದು ನಾನು ಉತ್ಪ್ರೇಕ್ಷೆಗೆ ಹೇಳುತ್ತಿರುವುದಲ್ಲ. ನಮ್ಮ ಲೋಮಿಸ್ ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಅವನೊಬ್ಬನದೇ ಕೆಲಸ. ದಿನವಿಡೀ ಪಂಪುಗಳ ಗದ್ದಲ, ಮಾತಾಡಿದರೂ ಕೇಳಿಸಿಕೊಳ್ಳುವವರಿಲ್ಲ. ಮನೆಯೆಂದರೆ ಮುಖ್ಯ ಬೀದಿಯಲ್ಲಿ ಮುಚ್ಚಿಹೋದ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಮದುವೆಯಾಗಲಿಲ್ಲ. ಅರವತ್ತಮೂರು ವಯಸ್ಸು. ಮಂಗಳವಾರ ಸಂಜೆ ಏಳಕ್ಕೆ ಸೋಕಲ್ ಬಾರಿನಲ್ಲಿ ನಮ್ಮ ಪೂಲ್ ಲೀಗಿನ ಆಟ, ಎಂದರೆ ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆದು ಗುಂಡಿಗೆ ಬೀಳಿಸುವ ಆಟ, ಶುರುವಾಗುತ್ತಿತ್ತು. ಅವನು ಆರಕ್ಕೇ ಬಂದು, ಗಸಗಸೆ ಹೂರಣದ ಕೊಲಾಚೆ ಬನ್ನುಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೂತಿರುತ್ತಿದ್ದ.

ನಾನು ಡಾಟ್ ವಾವ್ರಾ, ಆ ತಂಡದ ನಾಯಕಿ. ಕೌಂಟಿ ಕಚೇರಿಯಲ್ಲಿ ವಾಹನ ನೋಂದಣಿಯ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷ ಕೂತವಳು. ಫಾರಂನಲ್ಲಿ ಒಂದು ಸಹಿ ತಪ್ಪಿದರೆ ನನ್ನ ಹೆತ್ತ ತಾಯಿಯನ್ನೂ ವಾಪಸು ಕಳಿಸಿದ್ದೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ, ಸುಳ್ಳಲ್ಲ.

ನಮ್ಮ ಲೀಗಿನ ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ, ಈ ಕತೆಯೆಲ್ಲ ಅದರ ಮೇಲೇ ನಿಂತಿದೆ. ಪ್ರತಿ ಆಟಗಾರನಿಗೂ ಎರಡರಿಂದ ಏಳರವರೆಗೆ ಒಂದು ಅಂಕೆ. ಗೆಲ್ಲುತ್ತ ಹೋದರೆ ಏರುತ್ತದೆ, ಸೋಲುತ್ತ ಹೋದರೆ ಇಳಿಯುತ್ತದೆ. ಒಂದು ಸಂಜೆ ಆಡುವ ಐವರ ಅಂಕೆ ಕೂಡಿದರೆ ಇಪ್ಪತ್ತಮೂರು ದಾಟುವಂತಿಲ್ಲ. ಹುಲಿಗಳೆಲ್ಲ ಒಂದೇ ಬೋನಿನಲ್ಲಿ ಸೇರಬಾರದೆಂದು ಮಾಡಿದ್ದು. ನಾವಿದ್ದದ್ದೇ ಐವರು. ಹ್ಯಾಂಕ್ ಸ್ವೊಬೊಡಾ ಏಳು, ನಾನು ಐದು, ಗೇಲ್ ನಾಲ್ಕು, ಅವಳ ಗಂಡ ಡೆನ್ನಿ ಮೂರು, ಮರ್ಲ್ ನಾಲ್ಕು. ಕೂಡಿ ನೋಡಿ, ಸರಿಯಾಗಿ ಇಪ್ಪತ್ತಮೂರು.

ಮರ್ಲ್ ನೇರ ಹೊಡೆತದಲ್ಲಿ ಕೆಟ್ಟವನಲ್ಲ. ಆದರೆ ಎದುರಾಳಿ, ಕೋಲಿನಿಂದ ಹೊಡೆಯುವ ಬಿಳಿ ಚೆಂಡಿನ ದಾರಿಗೆ ತನ್ನ ಚೆಂಡೊಂದನ್ನು ಅಡ್ಡ ಇಟ್ಟನೆಂದರೆ ಮುಗಿಯಿತು, ಇವನು ಕೈ ಚೆಲ್ಲುತ್ತಿದ್ದ. ಅಡ್ಡ ಬಂದ ಚೆಂಡನ್ನು ಹಾರಿಸಿ ದಾಟಿಸಲಿಕ್ಕೆಂದೇ ಗಿಡ್ಡನೆಯ, ಹಗುರವಾದ ಬೇರೆ ಕೋಲು, ಜಂಪ್ ಕ್ಯೂ, ಇರುತ್ತದೆ. ಅದು ಅವನ ಹತ್ತಿರ ಇರಲಿಲ್ಲ.

"ಒಂದು ಜಂಪ್ ಕ್ಯೂ ತಗೊಳೋ ಮರ್ಲ್," ಎಂದು ಅವನ ತಲೆ ತಿಂದವಳು ನಾನೇ. "ಪ್ರತಿ ವಾರ ಗೋಡೆ ಮುಂದೆ ನಿಂತ ಕತ್ತೆ ಥರ ನಿಲ್ತೀಯಲ್ಲ, ನೋಡಕ್ಕಾಗಲ್ಲ."

"ಹ್ಯಾಂಕಂದು ಐನೂರು ಡಾಲರಂತೆ ಡಾಟ್."

"ಹ್ಯಾಂಕ್‌ಗೆ ಹೆಂಡ್ತಿ ಬೈಯಲ್ಲ, ಬೋಟ್ ಇದೆ, ಬುದ್ಧಿ ಇಲ್ಲ. ನಿನ್ನ ಹಾಸಿಗೆ ಇದ್ದಷ್ಟು ನೀನು ಕಾಲು ಚಾಚು."

ಅವನು ನನ್ನನ್ನು ಕೇಳದೆಯೇ ಅಂಚೆಯಲ್ಲಿ ಒಂದು ತರಿಸಿಕೊಂಡ. ಇಪ್ಪತ್ತೊಂಬತ್ತು ಡಾಲರು, ಹಿಡಿಯ ಮೇಲೆ ಹದ್ದಿನ ಚಿತ್ರ. ತುದಿಯಲ್ಲಿ ಮೆತ್ತನೆಯ ಚರ್ಮ. ಎಷ್ಟು ಕುಟ್ಟಿದರೂ ಬಿಳಿ ಚೆಂಡು ಮೇಜು ಬಿಟ್ಟು ಏಳಲಿಲ್ಲ.

"ಹದ್ದು ಹಾರುತ್ತೆ ಅಂತ ಚೆಂಡೂ ಹಾರುತ್ತಾ?" ಎಂದೆ. "ಚಿತ್ರ ನೋಡ್ಬೇಡ ಮಾರಾಯ. ತುದಿ ನೋಡು. ಕಲ್ಲಿನ ಥರ ಗಟ್ಟಿ ಇರಬೇಕು. ಕೋಲು ಹಗುರ ಇರಬೇಕು. ಉಳಿದದ್ದೆಲ್ಲ ಷೋಕಿ."

ಮುಂದಿನ ಶನಿವಾರ ಅವನನ್ನು ನನ್ನ ಪಿಕಪ್ಪಿನಲ್ಲಿ ಹತ್ತಿಸಿಕೊಂಡು ಸೀಡರ್ ರ‍್ಯಾಪಿಡ್ಸ್‌ನ ಒಂದು ಪೂಲ್ ಸಾಮಾನಿನ ಅಂಗಡಿಗೆ ಹೋದೆ. ಒಂದು ಗಂಟೆಯ ದಾರಿ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಅಂಗಡಿಯವನು ಮುಂದಿಟ್ಟದ್ದು ಮೂರು. ಮೊದಲನೆಯದು ಒಂದೇ ಕೋಲಿನಲ್ಲಿ ಎರಡು ಕೆಲಸ: ಆಟ ಶುರುವಿನಲ್ಲಿ ಚೆಂಡುಗಳನ್ನು ಚೆದುರಿಸಲಿಕ್ಕೂ ಅದೇ, ಹಿಡಿ ಬಿಚ್ಚಿದರೆ ಹಾರಿಸಲಿಕ್ಕೂ ಅದೇ, ನೂರಾ ಹತ್ತು ಡಾಲರು. ಎರಡನೆಯದು ಕರಿ ಕಾರ್ಬನ್ನಿನದು, ಇನ್ನೂರ ಐವತ್ತು. ಮೂರನೆಯದು ಸಾದಾ ಮೇಪಲ್ ಮರದ್ದು, ಹೆಸರಿಲ್ಲ, ಹಿಡಿಯ ಹತ್ತಿರ ಒಂದು ಗೀರು, ಅದಕ್ಕೇ ತೊಂಬತ್ತರಿಂದ ಎಪ್ಪತ್ತಕ್ಕೆ ಇಳಿಸಿದ್ದರು.

ಮರ್ಲ್ ಎರಡು ಗಂಟೆ ಹೊತ್ತು ಆ ಮೂರನ್ನೂ ಬದಲಿಸಿ ಬದಲಿಸಿ ಹೊಡೆದ. ಬಲವಾಗಿ ಹೊಡೆದರೆ ಮೂರೂ ಹಾರಿಸುತ್ತಿದ್ದವು. ಅವನು ಮೆಲ್ಲಗೆ ಹೊಡೆದು ನೋಡುತ್ತಿದ್ದ.

"ಜೋರಾಗಿ ಹೊಡೆದ್ರೆ ಪೊರಕೇನೂ ಹಾರಿಸುತ್ತೆ," ಎಂದ ಅಂಗಡಿಯವನಿಗೆ. "ಮೆಲ್ಲಗೆ ಹೊಡೆದಾಗ ಯಾವುದು ಹಾರಿಸುತ್ತೋ ಅದು ನನಗೆ ಬೇಕು. ಚೆಂಡು ದಾಟಬೇಕು, ದಾಟಿದ ಮೇಲೆ ನಿಲ್ಲಬೇಕು."

ಎಪ್ಪತ್ತರದ್ದೇ ಗೆದ್ದಿತು. ಎರಡು ಗಂಟೆ ಕಾದರೂ ನನಗೆ ಸಿಟ್ಟು ಬರಲಿಲ್ಲ, ನನಗೇ ಆಶ್ಚರ್ಯ. ವಾಪಸು ಬರುವಾಗ ತಟ್ಟೆಗಿಂತ ಅಗಲದ ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದೆವು. ಅವತ್ತು ಅವನು ಬಾಯಿ ಮುಚ್ಚಲೇ ಇಲ್ಲ.

ಮನೆಯಲ್ಲಿ ಅವನಿಗೆ ಪೂಲ್ ಮೇಜು ಎಲ್ಲಿಂದ ಬರಬೇಕು? ಅಡುಗೆಮನೆಯ ನೆಲಕ್ಕೆ ಕಾರ್ಪೆಟ್ಟಿನ ತುಂಡು ಹಾಸಿ, ಒಂದು ಚೆಂಡನ್ನು ಅಡ್ಡ ಇಟ್ಟು, ಮೊಣಕಾಲೂರಿ, ಬಿಳಿ ಚೆಂಡನ್ನು ಅದರ ಮೇಲಿಂದ ಹಾರಿಸಿ ರಟ್ಟಿನ ಡಬ್ಬಿಗೆ ಬೀಳಿಸುವುದು. ಪ್ರತಿದಿನ ಊಟವಾದ ಮೇಲೆ ನೂರು ಸಲವಂತೆ.

"ಕೆಳಗಿನವರು ಬೈಯಲ್ವೇನೋ, ಧಬಧಬ ಸದ್ದಿಗೆ?" ಎಂದು ಕೇಳಿದೆ.

"ಕೆಳಗೆ ಯಾರಿದ್ದಾರೆ?" ಎಂದ. "ಯಾರಾದ್ರೂ ಇದ್ದು, ಬಾಗಿಲು ತಟ್ಟಿ ಬೈದಿದ್ರೆ ಒಳಗೆ ಕರೆದು ಕಾಫಿ ಕೊಡ್ತಿದ್ದೆ."

ನವೆಂಬರಿನಿಂದ ಅವನು ಗೆಲ್ಲತೊಡಗಿದ. ಚೆಂಡು ಅಡ್ಡವಿಟ್ಟು ನಗುತ್ತ ಕುರ್ಚಿಗೆ ಮರಳುವ ಎದುರಾಳಿಗಳ ನಗು ಅಲ್ಲೇ ಒಣಗುವುದನ್ನು ನೋಡಲು ನನಗೆ ಎಷ್ಟು ಖುಷಿ! ಬಾರಿನಲ್ಲಿ ಜನ ಅವನನ್ನು ಹೆಸರು ಹಿಡಿದು ಕರೆಯತೊಡಗಿದರು. ಜನವರಿಯಲ್ಲಿ ಏಳನೆಯ ಗೆಲುವಿನ ದಿನ ಹ್ಯಾಂಕ್ ಅವನ ಬೆನ್ನಿಗೆ ಗುದ್ದಿ, "ಸಾಕು ಕಣೋ ಮುದುಕಾ! ಇನ್ನೂ ಗೆದ್ರೆ ಐದಾಗ್ತೀಯ, ನಿನ್ನ ಆಚೆ ಹಾಕ್ಬೇಕಾಗುತ್ತೆ!" ಎಂದ.

ಎಲ್ಲರೂ ನಕ್ಕೆವು. ಮರ್ಲ್ ಕೂಡ ನಕ್ಕ.

ಮುಂದಿನ ವಾರದಿಂದ ಜಂಪ್ ಕ್ಯೂ ಕೈ ಕೊಡತೊಡಗಿತು. ಒಮ್ಮೆ ಚೆಂಡು ಏಳಲೇ ಇಲ್ಲ. ಇನ್ನೊಮ್ಮೆ ಮೇಜನ್ನೇ ಬಿಟ್ಟು ಹಾರಿ ಡೆನ್ನಿಯ ಬಿಯರ್ ಚೆಲ್ಲಿತು. ಮೂರು ಮಂಗಳವಾರ, ಮೂರು ಸೋಲು.

"ಅಗ್ಗದ ಮಾಲು ಡಾಟ್," ಎಂದ ಮರ್ಲ್, ಕೋಲನ್ನು ಬಿಚ್ಚುತ್ತ. "ಎಪ್ಪತ್ತು ಡಾಲರಿಗೆ ಇನ್ನೇನು ಸಿಗುತ್ತೆ."

ಎರಡು ಗಂಟೆ ಹೊತ್ತು ಆರಿಸಿ ತಂದ ಕೋಲನ್ನು ಅವನು ಹಾಗೆ ಹಳಿದದ್ದು ನನಗೆ ಸರಿಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಇವನು ಕುಣಿಯಬಲ್ಲವನು. ತುದಿ ಬದಲಿಸಿಕೊಡುತ್ತೇನೆಂದು ಹೇಳಿ ಕೋಲನ್ನು ಇಸಿದುಕೊಂಡೆ. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೋಕಲ್ ಬಾರಿಗೆ ಹೋಗಿ, ಖಾಲಿ ಮೇಜಿನ ಮೇಲೆ ಚೆಂಡಿಟ್ಟು ಹೊಡೆದೆ. ನಾನು ಹಾರಿಸುವುದರಲ್ಲಿ ಪಳಗಿದವಳಲ್ಲ. ಹತ್ತರಲ್ಲಿ ಏಳು ಸಲ ಬಿಳಿ ಚೆಂಡು ಮೆಲ್ಲಗೆ ಎದ್ದು, ದಾಟಿ, ನಿಂತಿತು. ಕೋಲಿಗೆ ಏನೂ ಆಗಿರಲಿಲ್ಲ.

ಬೇಕೆಂದೇ ಸೋತು ಅಂಕೆ ಇಳಿಸಿಕೊಳ್ಳುವವರನ್ನು ಕಂಡರೆ ನನಗಾಗದು, ಅದು ಇಡೀ ಲೀಗಿಗೆ ಗೊತ್ತು. ಬೇಕೆಂದು ತಪ್ಪಿದ ಹೊಡೆತಕ್ಕೆ ಅಂಕ ಬರೆಯುವವರು ಅಂಕಪಟ್ಟಿಯಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಹಾಕಬೇಕು. ಗೆರೆ ಬಿದ್ದರೆ ಆ ಸೋಲಿನಿಂದ ಅಂಕೆ ಇಳಿಯುವುದಿಲ್ಲ. ಎರಡು ವರ್ಷದ ಹಿಂದೆ ಪಕ್ಕದೂರಿನ ತಂಡವೊಂದಕ್ಕೆ ಹೀಗೆ ಗೆರೆ ಹಾಕಿ ಹಾಕಿ ಲೀಗಿನಿಂದಲೇ ಹೊರಗೆ ಹಾಕಿಸಿದ್ದೆ. ಈಗ ನನ್ನ ಮೂಗಿನ ಕೆಳಗೇ, ನನ್ನದೇ ತಂಡದಲ್ಲಿ!

ಅವತ್ತೇ ಸಂಜೆ ಕೋಲನ್ನು ಹಿಡಿದು ಅವನ ಮೆಟ್ಟಿಲು ಹತ್ತಿದೆ. ಅವನು ತಂಡಕ್ಕೆ ಬಂದ ನಾಲ್ಕು ವರ್ಷದಲ್ಲಿ ಅದೇ ಮೊದಲ ಸಲ. ಬಾಗಿಲು ತೆಗೆದವನ ಮುಖ ಅರಳಿದ್ದು ನೋಡಿಯೂ ನಾನು ನನ್ನ ಸಿಟ್ಟನ್ನು ಬಿಡಲಿಲ್ಲ.

"ಕೋಲು ಸರಿಯಾಗಿದೆ ಮರ್ಲ್."

ಅವನು ಕುರ್ಚಿ ಎಳೆದುಕೊಟ್ಟ. "ಕೂತ್ಕೋ. ಕಾಫಿ ಇಡ್ತೀನಿ."

"ಕಾಫಿ ಬೇಡ. ಯಾಕೆ ಹೀಗೆ ಮಾಡ್ತಿದ್ದೀಯ ಹೇಳು."

"ನಾಲ್ಕಾಗಿದ್ರೆ ಮಂಗಳವಾರ ಇದೆ," ಎಂದ. "ಐದಾದ್ರೆ ಏನಿದೆ ಡಾಟ್? ಗೇಲ್, ಡೆನ್ನಿ ಗಂಡ ಹೆಂಡ್ತಿ, ಒಬ್ಬರನ್ನ ಬಿಡಕ್ಕಾಗಲ್ಲ. ಹ್ಯಾಂಕ್ ಇಲ್ದೆ ತಂಡ ಇಲ್ಲ. ನೀನು ನಾಯಕಿ. ಉಳಿದವನು ನಾನು. ನಾನೂ ಕೂಡಿ ನೋಡಿದೀನಿ."

"ಬೇರೆ ತಂಡ ಸೇರ್ಕೋ."

"ಯಾರಿಗೆ ಬೇಕು ಹೊಸ ಐದು? ನಾಲ್ಕು ಕಡೆ ಕೇಳಿದೆ. ಎಲ್ರಿಗೂ ಅವರವರ ಜನ ಇದಾರೆ."

ಆಗ ನಾನು ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು. ಹಾಕಿಕೊಳ್ಳಲಿಲ್ಲ.

"ನೋಡು, ಬೇರೆಯವರಿಗೊಂದು ನಿನಗೊಂದು ನನ್ನ ಹತ್ರ ನಡೆಯಲ್ಲ. ಮತ್ತೆ ಬೇಕಂತ ತಪ್ಪಿದ್ರೆ ಗೆರೆ ಹಾಕ್ತೀನಿ. ಎಲ್ಲರ ಮುಂದೇನೇ ಹಾಕ್ತೀನಿ."

ಅವನು ಕೋಲನ್ನು ತೆಗೆದುಕೊಂಡು, "ಆಯ್ತು," ಎಂದ. ಒಲೆಯ ಮೇಲೆ ಆಗಲೇ ಎರಡು ಲೋಟಕ್ಕಾಗುವಷ್ಟು ನೀರು ಇಟ್ಟಿದ್ದ. ನಾನು ಕೂರದೆ ಇಳಿದು ಬಂದೆ.

ಆಮೇಲೆ ಮೂರು ವಾರ ಹಿಮ ಬಿದ್ದು ರಸ್ತೆ ಕಟ್ಟಿತು, ಆಟ ನಿಂತಿತು. ಮಾರ್ಚಿನ ಒಂದು ಮಂಗಳವಾರ, ಋತುವಿನ ಕೊನೆಯ ಪಂದ್ಯ. ಗೆದ್ದರೆ ನಗರದ ಪಂದ್ಯಾವಳಿಗೆ ಹೋಗುತ್ತೇವೆ. ಎರಡು ಎರಡು ಸಮವಾಯಿತು, ಐದನೆಯ ಆಟ ಮರ್ಲ್‌ನದು. ಕೊನೆಗೆ ಅವನಿಗೆ ಉಳಿದದ್ದು ಕಪ್ಪು ಎಂಟನೆಯ ಚೆಂಡು, ಬೀಳಿಸಿದರೆ ಗೆಲುವು, ಗುಂಡಿಯ ಬಾಯಲ್ಲೇ ಕೂತಿತ್ತು. ನಡುವೆ ಎದುರಾಳಿಯ ಚೆಂಡು ಅಡ್ಡ. ಹಾರಿಸಬೇಕು, ಬೇರೆ ದಾರಿಯಿಲ್ಲ. ಗೆದ್ದರೆ ಅವನು ಐದಾಗುತ್ತಾನೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರ್ಲ್ ಜಂಪ್ ಕ್ಯೂ ಜೋಡಿಸಿಕೊಂಡ. ಮೇಜಿನ ಸುತ್ತ ಒಂದು ಸುತ್ತು ಬಂದು, ಅಂಕಪಟ್ಟಿ ಹಿಡಿದು ಕೂತ ನನ್ನ ಎದುರಿಗೆ ನಿಂತ. ಅವನು ನೋಡಿದ್ದು ನನ್ನ ಮುಖವನ್ನಲ್ಲ, ಕೈಯಲ್ಲಿದ್ದ ಪೆನ್ಸಿಲನ್ನು. ಅದನ್ನು ಕೆಳಗಿಟ್ಟಿದ್ದರೆ ಸಾಕಿತ್ತು. ತಂಡದಲ್ಲಿ ನನ್ನ ಜಾಗವನ್ನೇ ಬಿಟ್ಟುಕೊಡುತ್ತೇನೆ, ನೀನು ಆಡು ಅನ್ನಬಹುದಿತ್ತು. ಆ ಯೋಚನೆ ಬಂದಿತ್ತು ಕೂಡ. ಪೆನ್ಸಿಲು ಕೈಯಲ್ಲೇ ಇತ್ತು.

ಅವನು ಬಗ್ಗಿ ಮೆಲ್ಲಗೆ ಹೊಡೆದ. ಬಿಳಿ ಚೆಂಡು ಎದ್ದು, ಅಡ್ಡ ಚೆಂಡಿನ ನೆತ್ತಿಯ ಮೇಲಿಂದ ದಾಟಿ, ಎಂಟನ್ನು ತಟ್ಟಿ ಗುಂಡಿಗೆ ಇಳಿಸಿ, ಅಲ್ಲೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಅಷ್ಟು ಚೆಂದದ ಹೊಡೆತವನ್ನು ನಾನು ನೋಡಿಲ್ಲ. ಹ್ಯಾಂಕ್ ಅವನನ್ನು ಎತ್ತಿಯೇ ಬಿಟ್ಟ. ಬಾರಿನಲ್ಲಿದ್ದವರೆಲ್ಲ "ಮರ್ಲ್! ಮರ್ಲ್!" ಎಂದು ಮೇಜು ಕುಟ್ಟಿದರು. ಅವನು ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಗೆದ್ದವನ ಸಡಗರ ಎಂದುಕೊಂಡರು ಎಲ್ಲರೂ.

ಗುರುವಾರ ಲೀಗಿನಿಂದ ಪಟ್ಟಿ ಬಂತು. ಕುಬಿಚೆಕ್, ಐದು. ಅವನು ಗೆದ್ದು ದಾರಿ ಮಾಡಿಕೊಟ್ಟ ಪಂದ್ಯಾವಳಿಗೆ ಅವನನ್ನೇ ಬಿಟ್ಟು, ಗೇಲ್‌ಳ ಅಕ್ಕನ ಮಗಳನ್ನು ಕರೆದುಕೊಂಡು ಹೋದೆವು. ಮೊದಲ ಸುತ್ತಿನಲ್ಲೇ ಸೋತು ಬಂದೆವು.

ಹೊಸ ಋತುವಿನ ಮೊದಲ ಮಂಗಳವಾರ ಆರೂಮುಕ್ಕಾಲಿಗೆ ಬಾರಿನ ಹಿಂಬಾಗಿಲ ಹತ್ತಿರ ನಿಂತು ಅವನಿಗೆ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದ.

"ಮರ್ಲ್, ಬಂದು ಕೂತು ನೋಡೋ. ಆಡ್ದಿದ್ರೇನಂತೆ."

"ಅಯ್ಯೋ ಬೇಡ ಡಾಟ್. ಆ ಹುಡುಗಿಗೆ ಮುಜುಗರ." ಆಮೇಲೆ ಕೇಳತೊಡಗಿದ. ಮೊದಲು ಯಾರು ಆಡ್ತಾರೆ, ಗೇಲ್ ಮಂಡಿ ಹೇಗಿದೆ, ಎಡಗಡೆ ಮೇಜು ಇನ್ನೂ ವಾಲುತ್ತಾ, ಹ್ಯಾಂಕ್ ಬೋಟ್ ನೀರಿಗಿಳಿಸಿದ್ನಾ. ನಾನು ಹೇಳುತ್ತ ಹೋದೆ. ಹೇಳಿದ್ದಕ್ಕೆಲ್ಲ "ಹೌದಾ, ಹೌದಾ," ಎಂದ. ಕೊನೆಗೆ ಕೇಳಲು ಏನೂ ಉಳಿಯಲಿಲ್ಲ.

"ಮತ್ತೆ ಇನ್ನೇನು ಡಾಟ್?"

"ಇನ್ನೇನಿಲ್ಲ ಕಣೋ. ಒಳಗೆ ಕರೀತಿದಾರೆ, ಆಟ ಶುರು."

"ಹೋಗು, ಹೋಗು," ಎಂದ. ಆದರೆ ಅವನು ಫೋನ್ ಇಡಲಿಲ್ಲ. ಒಳಗಿನಿಂದ ಡೆನ್ನಿ ಮತ್ತೆ ಕೂಗಿದ, ನಾನೇ ಮೊದಲು ಇಟ್ಟೆ.