ಗಾಳೆಪ್ಪನ ಮುಂದಿನ ಹಲ್ಲು

ಹಲ್ಲಿನ ಎಕ್ಸ್-ರೇ ತೆಗೆಯುವಾಗ ರೋಗಿ ನಗಬೇಕು ಎಂದು ಇದನ್ನು ಬರೆಯುವವನು ಬಹಳ ದಿನ ನಂಬಿದ್ದ. ಗದಗಿನ ದಂತ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದು ಸಂಬಳ ಎಣಿಸುವ ಈ ಮಹಾಶಯ, ದವಡೆ ಬಾತು ಕೂತವರಿಗೂ "ಸ್ವಲ್ಪ ನಗ್ರಿ" ಎಂದು ಹೇಳಿ ಬೈಸಿಕೊಳ್ಳುತ್ತಿದ್ದ. ಅವನ ಮಾತು ನಂಬಿ ನಿಜಕ್ಕೂ ನಕ್ಕವನು ಮಲ್ಲಸಮುದ್ರದ ಗಾಳೆಪ್ಪ ಒಬ್ಬನೇ.

ನಗದೆ ಏನು ಮಾಡಿಯಾನು? ಫೋಟೊ ಎಂದರೆ ಮೀಸೆ ತೀಡುವ ಆಸಾಮಿ. ಹೊಲ, ಎಮ್ಮೆ ಎರಡನ್ನೂ ಹೆಂಡತಿ ಮರಿಯವ್ವನ ತಲೆಗೆ ಕಟ್ಟಿ, ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತುವುದನ್ನೇ ಜೀವಮಾನದ ಸಾಧನೆ ಮಾಡಿಕೊಂಡಿದ್ದ. ಮನೆಯಲ್ಲಿ ನೀರಿನ ಕೊಡ ಎತ್ತಿಕೊಡು ಎಂದರೆ ಅವನಿಗೆ ನಡು ಹಿಡಿಯುತ್ತಿತ್ತು. ಮೈಕು, ಹಲಗೆ, ನಾಕು ಸಿಳ್ಳೆ ಕೇಳಿದರೆ ಮಾತ್ರ ಅದೇ ನಡು ನೆಟ್ಟಗಾಗುತ್ತಿತ್ತು. ಗೆದ್ದು ಬಂದ ದಿನ ಹೂವಿನ ಹಾರ ಬಾಡಿ ಉದುರುವವರೆಗೂ ಚಹಾದಂಗಡಿಗಳನ್ನು ಸುತ್ತುತ್ತಿದ್ದ.

ಈಗ ಮುಂದಿನ ವಾರವೇ ಶಿರಹಟ್ಟಿಯಲ್ಲಿ ಭಾರ ಎತ್ತುವ ಪಂದ್ಯ. ಮುಂದಿನ ಹಲ್ಲೋ, ರೊಟ್ಟಿ ಕಚ್ಚಿದರೂ ಜುಮ್ಮೆನ್ನುತ್ತಿತ್ತು. ಮೇಲೆ ನೋಡಿದರೆ ಬೆಳ್ಳಗೆ, ಗಟ್ಟಿ. "ಒಂದ ಗುಳಿಗಿ ಕೊಡ್ರಿ, ಸಾಕು" ಎಂದುಕೊಂಡೇ ಒಳಗೆ ಬಂದಿದ್ದ.

ಡಾಕ್ಟರ್ ಮಮತಾ ವೈರು ಕಟ್ಟಿದ ಪುಟ್ಟ ಬಿಲ್ಲೆಯನ್ನು ಹಲ್ಲಿನ ಹಿಂದೆ ಇಟ್ಟು ಎಕ್ಸ್-ರೇ ತೆಗೆದರು. ಕಂಪ್ಯೂಟರಿನ ಪರದೆಯ ಮೇಲೆ ಕೂಡಲೇ ಚಿತ್ರ ಮೂಡಿತು: ಒಸಡಿನೊಳಗಿನ ಬೇರಿಗೆ ಅಡ್ಡಲಾಗಿ ಒಂದು ಕಪ್ಪು ಗೆರೆ.

"ಬೇರು ಮುರದೈತಿ ನೋಡ್ರಿ. ಬಾಜೂ ಹಲ್ಲಿಗೆ ತಂತಿ ಹಾಕಿ ಕಟ್ಟತೇನಿ, ಭಾರ ಬೀಳದಿದ್ರ ಉಳೀಬಹುದು. ಚೀಲ ಎತ್ತಿದ್ರ ಹಲ್ಲು ಚೀಲದ ಕೂಡನ ಹೋಗತೈತಿ."

ಗಾಳೆಪ್ಪ ಪರದೆಯನ್ನು ಶತ್ರುವಿನಂತೆ ದಿಟ್ಟಿಸಿದ. "ಯಾರದೋ ಹಲ್ಲು ತೋರಸಾಕತ್ತೀರಿ. ಇನ್ನೊಂದು ತಗೀರಿ. ಈ ಸಲ ನಾ ನಗಂಗಿಲ್ಲ."

ಡಾಕ್ಟರು ಕೋನ ಬದಲಿಸಿ ಮತ್ತೊಂದು ತೆಗೆದರು. ಗೆರೆ ಇನ್ನೂ ಸ್ಪಷ್ಟವಾಯಿತು.

"ಕೊಡ ಎತ್ತಾಕ ನಡ ಇಲ್ಲ, ಚೀಲ ಎತ್ತಾಕ ಹಲ್ಲಿಲ್ಲ," ಎಂದಳು ಜೊತೆಗೆ ಬಂದಿದ್ದ ಮರಿಯವ್ವ. "ಇನ್ನ ಮೀಸಿ ಒಂದ ಎತಗೊಂಡ ತಿರಗು."

"ಸುಮ್ನಿರಲೇ! ಹೆಸರು ಕೊಟ್ಟೇನಿ. ಹಲ್ಲು ಹೋದ್ರ ಹೋಗ್ಲಿ, ನಾ ಎತ್ತಾಂವನ!" ಎಂದು ಗಾಳೆಪ್ಪ ಕುರ್ಚಿಯಿಂದ ಇಳಿದ.

ಡಾಕ್ಟರು ಕೈಗವಸು ಕಳಚುತ್ತ ಕೇಳಿದರು: "ಖರೆ ಹೇಳ್ರಿ. ನೀವು ಎತ್ತದಿದ್ರ ಶಿರಹಟ್ಟಿ ಮಂದಿಗೆ ಏನರ ಲುಕ್ಸಾನ ಐತೇನು?"

ಗಾಳೆಪ್ಪ ಚಪ್ಪಲಿ ಮೆಟ್ಟಿಕೊಂಡ.

"ಏನೂ ಇಲ್ರಿ. ಅದು ಅವರಿಗೆ ಗೊತ್ತಾಗಬಾರದು ಅಂತನ ಎತ್ತತೇನಿ."