ಸಪ್ಪಳದ ಜೋಡು

ಯಾರರ ಕರ್ ಕರ್ ಅನಿಸಿಕೋತ ಚಪ್ಪಲ್ ಹಾಕ್ಕೊಂಡು ಹಾದು ಹೋದ್ರ ಇವತ್ತಿಗೂ ನನಗ ಕುಂತಲ್ಲಿ ಕುಂದ್ರಾಕ ಆಗೂದಿಲ್ಲ. ಮೈಮ್ಯಾಲೆ ಇರಿವಿ ಹರದಂಗ ಆಗತೈತಿ.

ಅಥಣಿ ಕಡೆ ನಮ್ಮ ಕೇರಿಯೊಳಗ ಮನಿಮನಿಗೂ ಚಪ್ಪಲ್ ಮಾಡೂ ಕಸಬು. ಗಂಡಸರು ತೊಗಲು ಕೊಯ್ದು ಕಾಲಡಿಯ ಅಟ್ಟಿ ಹೊಲೀತಿದ್ರು, ಹೆಂಗಸರು ಮ್ಯಾಲಿನ ಪಟ್ಟಿಗೆ ಸಣ್ಣ ಬಾರು ಹೆಣೀತಿದ್ದೆವು. ತೊಂಬತ್ತರ ಈಚಿಗಿನ ಮಾತು, ನಾ ಆಗ ಎಸ್ಸೆಸ್ಸೆಲ್ಸಿ. ನಿಪ್ಪಾಣಿ ಸಾವಕಾರೊಬ್ರು ಬಂದು, "ಪರದೇಶದ ಆರ್ಡರ್ ಐತಿ, ಲಗೂನ ಆಗಬೇಕು" ಅಂದ್ರು. ಅಪ್ಪ ನನ್ನ ಸಾಲಿ ಬಿಡಿಸಿ ಹೆಣ್ಯಾಕ ಕುಂದ್ರಿಸಿದ. "ಮಾಲು ಹೋದ ಮರುದಿನಾನ ನೀ ಸಾಲಿಗೆ. ಪರೀಕ್ಷಾ ತಪ್ಪಸೂದಿಲ್ಲ ಮಗಳ" ಅಂತ ತಲಿ ಮ್ಯಾಲೆ ಕೈ ಇಟ್ಟು ಹೇಳಿದ.

ಬೆರಳು ಕೊಯ್ಕೊಂಡ್ರೂ ನಾ ನಿಲ್ಲಲಿಲ್ಲ. ಹೆಣಕೋತ ಬಾಯಾಗ ಪಾಠ ಒಪ್ಪಸ್ತಿದ್ದೆ. "ಸಾಕ್ ಬಿಡ ಬೇ, ತಲಿ ತಿನ್ನಬ್ಯಾಡ" ಅಂತಿದ್ಲು ಅವ್ವ. ಈ ಚಪ್ಪಲ್ ಪರದೇಶದ ಮಂದಿ ರಜಾಕ್ಕ ಸಮುದ್ರದ ದಂಡಿಗೆ ಹೋದಾಗ ನಾಕ ದಿನ ಹಾಕ್ಕೊಂಡು ಒಗದ ಬಿಡ್ತಾರಂತ ಸಾವಕಾರ್ರು ನಕ್ಕೋತ ಹೇಳಿದ್ರು. ನನಗ ಸಿಟ್ಟು ನೆತ್ತಿಗೇರ್ತು. ನಾಕ ದಿನದ ಚಪ್ಪಲ್ಲಿಗೆ ನನ್ನ ವರ್ಷ ಬೇಕೇನು?

ಅಪ್ಪನ ತಲ್ಯಾಗ ಬ್ಯಾರೇನ ಇತ್ತು. ನಮ್ಮ ಕಡೆ ಅಟ್ಟಿಯೊಳಗ ಒಂದು ಬೀಜ ಇಟ್ಟು ಹೊಲಿದ್ರ ಹೆಜ್ಜಿಗೊಮ್ಮೆ ಕರ್ ಅಂತೈತಿ. ಅದು ಗೌಡ್ರು ಹಾಕ್ಕೊಳ್ಳೂ ದೊಡ್ಡಸ್ತಿಕಿ ಜೋಡು. ಮಾಡಾವ್ರು ನಾವು. ಆದ್ರ ಸಾಲಿ ಹಾದಿಗಿದ್ದ ಗೌಡ್ರ ಓಣಿ ಬಂದ್ರ ನಮ್ಮ ಮುತ್ಯಾ, ಅಪ್ಪನ ಅಪ್ಪ, ಚಪ್ಪಲ್ ಕೈಯಾಗ ಹಿಡ್ಕೊಂಡು ದಾಟತಿದ್ದ. "ಪರದೇಶದ ಮಂದಿ ಅಂದ್ರ ಸಣ್ಣಾವ್ರೇನು?" ಅಂತ ಅಪ್ಪ, ಯಾರೂ ಹೇಳದಿದ್ರೂ, ಪ್ರತಿ ಜೋಡಿಗೂ ಬೀಜ ಇಟ್ಟ. ಹೊಲಿಯೂಮುಂದ ಅಂವನ ಮಾರಿ ನೋಡಬೇಕಿತ್ತು, ಮಗಳ ಮದವಿಗೆ ಬೀಗರನ್ನ ಕರ್ಯಾಕತ್ತಾವ್ರಂಗ ಇತ್ತು.

ಮಾಲು ಮುಂಬೈ ಮುಟ್ಟಿ ಹಂಗ ತಿರುಗಿ ಬಂತು. ಸಾವಕಾರ್ರು ನಮ್ಮ ಹೊಸ್ತಿಲಾಚೆ ನಿಂತು, "ಸಪ್ಪಳ ಮಾಡ್ತಾವ, ಕೆಟ್ಟ ಮಾಲು ಅಂದ್ರು ಮುಂಬೈಯಾವ್ರು. ಬೀಜ ತಗದು ಮತ್ತ ಹೊಲೀರಿ. ಇಲ್ಲಾಂದ್ರ ಆರ್ಡರ್ ಬ್ಯಾರೆ ಊರಿಗೆ" ಅಂದು ಹೋದ್ರು. ಅಪ್ಪ ಒಂದು ಜೋಡು ಕೈಯಾಗ ಹಿಡ್ಕೊಂಡು ಹಂಗ ಕುಂತಬಿಟ್ಟ.

ಪರೀಕ್ಷಾ ಸುರು ಆದ ದಿನ ಸಾಲಿ ಗಂಟಿ ನಮ್ಮ ಮನಿತನಕ ಕೇಳಿಸ್ತು. ನಾ ಹೊಲಿಗಿ ಬಿಚ್ಚಿ ಬೀಜ ತಗ್ಯಾಕತ್ತಿದ್ದೆ. ಕಾಲು ಸುಮ್ಮನಿರವಲ್ವು, ಎದ್ದು ಓಡಬೇಕು ಅನಸ್ತಿತ್ತು. ಅಪ್ಪ ಒಂದು ಜೋಡು ತಗದು ನನ್ನ ಮುಂದಿಟ್ಟ.

"ಇವನ್ನ ಬಿಚ್ಚಬ್ಯಾಡ. ನೀ ಹಾಕ್ಕೊ. ಗೌಡ್ರ ಓಣ್ಯಾಗ ಸಪ್ಪಳ ಮಾಡಕೋತ ನಡಿ, ಯಾರು ಏನಂತಾರ ನೋಡೂಣು."

"ಹಾಕ್ಕೊಂಡು ಎಲ್ಲಿಗೆ ಹೋಗ್ಲಿ ಅಪ್ಪಾ?" ಅಂದೆ.

ಅಂವ ಆ ಜೋಡನ್ನೂ ಬಿಚ್ಚೂ ಗುಂಪಿಗೆ ಹಾಕಿದ.